ಲಿನಕ್ಸ್ ಹಾಕುವಾಗ ಅರ್ಧಕ್ಕೆ ನಿಂತಿತಾ? ಎಲ್ಲಿ ನಿಂತಿತು ಎಂದು ಮೊದಲು ನೋಡಿ

ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿರುವುದು ಇಂಟೆಲ್‌ನ ಏಳನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಅದಕ್ಕೆ ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಗಟ್ಟಿಮುಟ್ಟಾಗಿತ್ತು, ಬಿಸಾಡಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್. ಅದರ ಒಂದು ರೂಪವಾದ ಲಿನಕ್ಸ್ ಮಿಂಟ್ ಹಾಕಲು ಕೂತೆವು. ಮುಕ್ಕಾಲು ಭಾಗ ಆಗಿ ನಿಂತುಬಿಟ್ಟಿತು. ಮತ್ತೆ ಮೊದಲಿಂದ ಹಾಕಿದೆವು, ಮತ್ತೆ ನಿಂತಿತು. ಮೂರನೇ ಸಲವೂ ಅದೇ ಕಥೆ. ಕೊನೆಗೆ ಪೆನ್‌ಡ್ರೈವ್ ಬದಲಿಸಿದೆವು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಒಂದಿಡೀ ಭಾನುವಾರ ಹಾಳಾಗಿದ್ದು ಮಾತ್ರ ವಾಪಸ್ ಬರಲಿಲ್ಲ.

ಹೊಸಬರು ಸೋಲುವುದು ಹೆಚ್ಚಾಗಿ ಹೀಗೆಯೇ. ಏನು ಕೆಟ್ಟಿತು ಎಂದು ನೋಡದೆ ಮತ್ತೆ ಮೊದಲಿಂದ ಶುರು ಮಾಡುತ್ತೇವೆ. ಅದರ ಬದಲು ಎಲ್ಲಿ ನಿಂತಿತು ಎಂದು ಗುರುತಿಸಿ. ಪರದೆಯ ಮೇಲೆ ಏನೇ ಬರಹ ಬಂದರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತಲೇ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಫೋಟೊ, ದಾಖಲೆ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯಾ ಎಂದೂ ನೋಡಿ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಜಾಗ) ಒಂದು ಆಯ್ಕೆ ಬದಲಿಸಿದರೂ ಮುಂದಿನ ಸಲ ವಿಂಡೋಸ್ ಆ ಕೀ ಕೇಳಬಹುದು.

ಪೆನ್‌ಡ್ರೈವ್‌ನಿಂದ ಶುರುವೇ ಆಗುತ್ತಿಲ್ಲ

ಕಂಪ್ಯೂಟರ್ ನೇರವಾಗಿ ವಿಂಡೋಸ್‌ಗೆ ಹೋಗುತ್ತಿದ್ದರೆ, ಯಾವುದರಿಂದ ಶುರುವಾಗಬೇಕು ಎಂದು ಆರಿಸುವ ಬೂಟ್ ಮೆನುಗೇ ನೀವು ತಲುಪಿಲ್ಲ ಎಂದರ್ಥ. ಪವರ್ ಬಟನ್ ಒತ್ತಿದ ಕೂಡಲೇ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಯನ್ನು ಮತ್ತೆ ಮತ್ತೆ ಒತ್ತಿ. ಏಸರ್‌ನಲ್ಲೂ ಎಫ್12 ಸರಿ. ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು.

ಮೆನು ಬಂತು, ಪೆನ್‌ಡ್ರೈವ್ ಆರಿಸಿದರೂ ಏನೂ ಆಗಲಿಲ್ಲ ಅಂದರೆ ಅದನ್ನು ತಯಾರಿಸಿದ ರೀತಿ ತಪ್ಪಿರಬಹುದು. ಐಎಸ್‌ಒ ಫೈಲನ್ನು, ಅಂದರೆ ಇಳಿಸಿಕೊಂಡ ಲಿನಕ್ಸ್‌ನ ಫೈಲನ್ನು, ಸುಮ್ನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಸಾಲದು. ರೂಫಸ್ ಅಥವಾ ಬಲೇನಾ ಎಚರ್‌ನಂಥ ತಂತ್ರಾಂಶದಿಂದಲೇ ಬರೆಯಬೇಕು. ರೂಫಸ್‌ನ ಐಎಸ್‌ಒ ವಿಧಾನ ಕೈಕೊಟ್ಟರೆ ಡಿಡಿ ವಿಧಾನದಲ್ಲಿ ಬರೆದು ನೋಡಿ.

ನಂಬಿಕೆಯ ಬೂಟ್ ಫೈಲುಗಳನ್ನಷ್ಟೇ ಒಳಬಿಡುವ ಕಾವಲು ಸೆಕ್ಯೂರ್ ಬೂಟ್. ಅದರ ಉಲ್ಲಂಘನೆ ಎಂಬ ಅರ್ಥದ ಬರಹ ಬಂದರೆ ಹಳೆಯ ಐಎಸ್‌ಒ ಇಟ್ಟುಕೊಂಡಿದ್ದೀರಾ ಎಂದು ಕೇಳಿಕೊಳ್ಳಿ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಹಲವು ಯಂತ್ರಗಳು ಹಳೆಯ ಲಿನಕ್ಸ್ ಬೂಟ್ ಫೈಲುಗಳನ್ನು ಒಳಗೇ ಬಿಡಲಿಲ್ಲ. ಹೊಸ ಐಎಸ್‌ಒ ಇಳಿಸಿಕೊಳ್ಳುವುದೇ ಸರಿಯಾದ ದಾರಿ.

ಕಪ್ಪು ಪರದೆ

ಮಿಂಟ್‌ನ ಲೋಗೊ ಬಂದು ಆಮೇಲೆ ಕತ್ತಲೆಯಾದರೆ ಗ್ರಾಫಿಕ್ಸ್ ಕಾರ್ಡಿನ ಕಡೆ ನೋಡಿ. ಎನ್‌ವಿಡಿಯಾ ಇರುವ ಯಂತ್ರಗಳಲ್ಲಿ ಇದು ಜಾಸ್ತಿ. ಮತ್ತೆ ಶುರು ಮಾಡಿ, ಮೊದಲ ಮೆನುವಿನಲ್ಲಿ ಮಿಂಟ್ ಆದರೆ ಕಂಪ್ಯಾಟಿಬಿಲಿಟಿ ಮೋಡ್, ಉಬುಂಟು (ಇನ್ನೊಂದು ಬಗೆಯ ಲಿನಕ್ಸ್) ಆದರೆ ಸೇಫ್ ಗ್ರಾಫಿಕ್ಸ್ ಆರಿಸಿ. ಹೆಚ್ಚಿನ ಸಲ ಇಷ್ಟು ಸಾಕು. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಎನ್‌ವಿಡಿಯಾ ಡ್ರೈವರ್ ಹಾಕಿಕೊಂಡರೆ ತೊಂದರೆ ತೀರುತ್ತದೆ.

ಹಾರ್ಡ್ ಡಿಸ್ಕೇ ಕಾಣಿಸುತ್ತಿಲ್ಲ

ಹೊಸಬರು ಬಹಳ ಗಾಬರಿಯಾಗುವ ಜಾಗ ಇದು. ಎಲ್ಲಿ ಹಾಕಲಿ ಎಂದು ಕೇಳುವ ಪುಟದಲ್ಲಿ ಪೆನ್‌ಡ್ರೈವ್ ಒಂದೇ ಕಾಣುತ್ತದೆ. ಡಿಸ್ಕ್ ಹೋಯಿತು ಅಂದುಕೊಳ್ಳಬೇಡಿ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಇಂಟೆಲ್ ಆರ್‌ಎಸ್‌ಟಿ ಎಂಬ ವ್ಯವಸ್ಥೆಯಡಿ ಇರುತ್ತದೆ. ಬಯೋಸ್‌ನಲ್ಲಿ ಅದು ರೇಡ್ ಅಥವಾ ವಿಎಂಡಿ ಎಂಬ ಹೆಸರಲ್ಲೂ ಇರಬಹುದು. ಲಿನಕ್ಸ್‌ಗೆ ಬೇಕಾದದ್ದು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನ. ಕೆಲವು ಏಸರ್ ಯಂತ್ರಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಆದರೆ ವಿಂಡೋಸ್ ಕೂಡ ಉಳಿಯಬೇಕು ಅಂತಿದ್ದರೆ ಹಾಗೇ ಬದಲಿಸಬೇಡಿ. ನೀಲಿ ಪರದೆ ತೋರಿಸಿ ಅದು ಮೇಲೇಳದೇ ಹೋಗಬಹುದು. ಮೊದಲು ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಬೂಟ್ ವಿಭಾಗದಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ. ಮರುಚಾಲನೆ ಮಾಡಿ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಟಿಕ್ ತೆಗೆದು ಮತ್ತೆ ಮರುಚಾಲನೆ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೇ ಇರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ.

ಡಿಸ್ಕ್ ಕಾಣುತ್ತದೆ, ಆದರೆ ವಿಂಡೋಸ್ ಭಾಗವನ್ನು ಕಿರಿದು ಮಾಡಲು ಆಗುತ್ತಿಲ್ಲವೇ? ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ. ಜಾಗ ಖಾಲಿ ಮಾಡುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡುವುದು ಸುರಕ್ಷಿತ. ಪಟ್ಟಿಯಲ್ಲಿ ಇಎಫ್‌ಐ ಎಂಬ ಸಣ್ಣ ಭಾಗ ಕಾಣಿಸಿದರೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಎಬ್ಬಿಸುವ ಫೈಲುಗಳು ಅಲ್ಲೇ ಇರುತ್ತವೆ.

ಅರ್ಧಕ್ಕೆ ನಿಂತಿದೆ

ಇನ್‌ಪುಟ್ ಔಟ್‌ಪುಟ್ ಎರರ್ ಅಂತಲೋ ಸ್ಕ್ವಾಶ್‌ಎಫ್‌ಎಸ್ ಎರರ್ ಅಂತಲೋ ಬಂದರೆ ಓದುವ ಅಥವಾ ಬರೆಯುವ ಸಾಧನದಲ್ಲೇ ಕೊರತೆ ಇದೆ. ಚಿಕ್ಕಪ್ಪನ ಮನೆಯಲ್ಲಿ ಆದದ್ದೂ ಇದೇ. ಯಾವುದೋ ಸಮಾರಂಭದಲ್ಲಿ ಉಚಿತವಾಗಿ ಸಿಕ್ಕಿದ್ದ ಪೆನ್‌ಡ್ರೈವ್ ಅದು. ಮೊದಲು ಐಎಸ್‌ಒದ ಚೆಕ್‌ಸಮ್, ಅಂದರೆ ಫೈಲು ಸರಿಯಿದೆಯೇ ಎಂದು ತಿಳಿಸುವ ಗುರುತಿನ ಸಾಲು, ತಾಳೆ ನೋಡಿ. ಮಿಂಟ್‌ನ ಜಾಲತಾಣದಲ್ಲಿ ಕೊಟ್ಟಿರುವ 64 ಅಕ್ಷರಗಳ ಎಸ್‌ಎಚ್‌ಎ-256 ಸಾಲು, ನಿಮ್ಮ ಫೈಲಿಗೆ ರೂಫಸ್ ಲೆಕ್ಕ ಹಾಕಿ ತೋರಿಸುವ ಸಾಲು, ಎರಡೂ ಒಂದೇ ಇರಬೇಕು. ಒಂದಕ್ಷರ ಬೇರೆ ಇದ್ದರೂ ಡೌನ್‌ಲೋಡ್ ಹಾಳಾಗಿದೆ. ನಡುವೆ ನೆಟ್ ಕಡಿದರೆ ಹೀಗಾಗುತ್ತದೆ.

ಅದು ಸರಿ ಇದ್ದರೆ ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಪೋರ್ಟ್. ಅದೂ ಸರಿ ಇದ್ದರೆ ಡಿಸ್ಕಿನ ಸರದಿ. ಲೈವ್ ಮಿಂಟ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಮಿಂಟ್) ಡಿಸ್ಕ್ಸ್ ಎಂಬ ಅಪ್ಲಿಕೇಶನ್ ತೆರೆದು, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿ. ಕೆಟ್ಟ ಸೆಕ್ಟರ್‌ಗಳ ಲೆಕ್ಕ ಕಂಡರೆ ಎಸ್‌ಎಸ್‌ಡಿ ಹಾಕಿಸುವುದು ಒಳ್ಳೆಯದು, ಹಳೆಯ ಯಂತ್ರ ಎಷ್ಟೋ ಚುರುಕಾಗುತ್ತದೆ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ರ‍್ಯಾಮ್ ಮೇಲೂ ಅನುಮಾನ ಇರಲಿ. ಪೆನ್‌ಡ್ರೈವ್‌ನ ಮೊದಲ ಮೆನುವಿನಲ್ಲೇ ಮೆಮೊರಿ ಪರೀಕ್ಷೆ ಇದ್ದರೆ ರಾತ್ರಿಯಿಡೀ ಓಡಲು ಬಿಡಿ.

ಅಂದ ಹಾಗೆ, ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು. ಆರಾಮಾಗಿ ಬಳಸಲು 4 ಜಿಬಿ ರ‍್ಯಾಮ್ ಇರಲಿ.

ಎಲ್ಲ ಮುಗಿಯಿತು, ಆದರೆ ಲಿನಕ್ಸ್ ಬರುತ್ತಿಲ್ಲ

ನೇರ ವಿಂಡೋಸ್ ಬಂದರೆ ಲಿನಕ್ಸ್ ಅಳಿಸಿಹೋಗಿಲ್ಲ, ಸಾಲಿನಲ್ಲಿ ಹಿಂದಿದೆ ಅಷ್ಟೇ. ಬಯೋಸ್‌ನ ಬೂಟ್ ಕ್ರಮದಲ್ಲಿ ಅದನ್ನು ಮೇಲಕ್ಕೆ ತನ್ನಿ. ಅಲ್ಲಿ ಮಿಂಟ್ ಎಂಬ ಹೆಸರು ಹುಡುಕಿ ಸುಸ್ತಾಗಬೇಡಿ. ಮಿಂಟ್ ಕೂಡ ಅಲ್ಲಿ ಉಬುಂಟು ಅಂತಲೇ ಕಾಣಿಸುತ್ತದೆ.

ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆ ಬಂದರೆ ಮತ್ತೆ ಪೆನ್‌ಡ್ರೈವ್‌ನಿಂದ ಲೈವ್ ಮಿಂಟ್ ಚಾಲೂ ಮಾಡಿ. ನೆಟ್ ಸಂಪರ್ಕ ಕೊಡಿ. ಮೆನುವಿನ ಅಡ್ಮಿನಿಸ್ಟ್ರೇಶನ್ ವಿಭಾಗದಲ್ಲಿ ಬೂಟ್ ರಿಪೇರ್ ಇದೆ. ಅದು ಸೂಚಿಸುವ ರಿಪೇರಿಯನ್ನೇ ಮಾಡಿಸಿ. ಇದಕ್ಕೂ ಬಗ್ಗದಿದ್ದರೆ ಒಂದು ಹೊಂದಾಣಿಕೆ ನೋಡಿ: ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನದಲ್ಲಿದ್ದು, ಪೆನ್‌ಡ್ರೈವ್ ಹಳೆಯ ಲೆಗಸಿ ವಿಧಾನದಲ್ಲಿ ಶುರುವಾಗಿದ್ದರೆ ಎರಡಕ್ಕೂ ಕೂಡಿಬರುವುದಿಲ್ಲ. ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂಬ ಹೆಸರಿರುವ ಪೆನ್‌ಡ್ರೈವ್ ಸಾಲನ್ನೇ ಆರಿಸಿ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ. ಮೊದಲಿಂದ ಹಾಕುವುದಕ್ಕೆ ಅರ್ಥವಿರುವ ಜಾಗ ಇದು.

ಮರುಚಾಲನೆಯ ವೇಳೆ ನೀಲಿ ಪರದೆಯಲ್ಲಿ ಎಂಒಕೆ ಮ್ಯಾನೇಜ್‌ಮೆಂಟ್ ಎಂದು ಬಂದರೆ ಅದು ದೋಷವಲ್ಲ. ಇನ್‌ಸ್ಟಾಲ್ ಮಾಡುವಾಗ ನೀವೇ ಕೊಟ್ಟ ಪಾಸ್‌ವರ್ಡ್ ಕೇಳುತ್ತಿದೆ. ಎನ್‌ರೋಲ್ ಎಂಒಕೆ ಆರಿಸಿ ಅದನ್ನು ಟೈಪ್ ಮಾಡಿ. ಇದನ್ನು ದಾಟಿ ಹೋದರೆ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಕೆಲಸ ಮಾಡದೇ ಇರಬಹುದು.

ವೈಫೈ ಸಿಗದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ. ಆ ನೆಟ್‌ನಲ್ಲೇ ಡ್ರೈವರ್ ಮ್ಯಾನೇಜರ್ ಬೇಕಾದ್ದನ್ನು ಇಳಿಸಿಕೊಳ್ಳುತ್ತದೆ. ಲಿನಕ್ಸ್ ಬಳಸಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಅದೂ ಕೆಟ್ಟದ್ದಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ನಲ್ಲಿ ಸಿಂಕ್ ಒತ್ತಿದರೆ ಸದ್ಯಕ್ಕೆ ಸರಿಹೋಗುತ್ತದೆ.

ಚಿಕ್ಕಪ್ಪನ ಯಂತ್ರದಲ್ಲಿ ಕೊನೆಗೆ ಮಾಡಿದ್ದು ಕೀಬೋರ್ಡ್ ಸೆಟ್ಟಿಂಗ್ ತೆರೆದು ಕನ್ನಡದ ಕಗಪ ವಿನ್ಯಾಸ ಸೇರಿಸಿದ್ದು. ಅದಕ್ಕೆ ಬೇರೇನೂ ಡೌನ್‌ಲೋಡ್ ಬೇಕಾಗಲಿಲ್ಲ. ಅವರು ಮೊದಲು ಟೈಪ್ ಮಾಡಿದ್ದು ಚಿಕ್ಕಮ್ಮನ ಹೆಸರು.