ಅಡ್ಡಿಲ್ಲೆ ಅಂದವರ ಮುಂದೆ ಹತ್ತು ಅಡಿಕೆ

ಎಂ.ಎಸ್ಸಿ ನರ್ಸಿಂಗ್ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಆಪರೇಷನ್ ಆದವರ ರಾತ್ರಿಯ ತ್ರಾಸು. ಅಳೆಯೋದಕ್ಕೆ ಅಮೆರಿಕದ ನರ್ಸಿಂಗ್ ತಜ್ಞೆ ಕ್ಯಾಥರೀನ್ ಕೋಲ್ಕಾಬಾ ಅವರ, ರೋಗಿ ಎಷ್ಟು ಆರಾಮಾಗಿದ್ದಾರೆ ಅಂತ ಕೇಳುವ 48 ಪ್ರಶ್ನೆಗಳ ಪಟ್ಟಿ ಹಿಡಿದೆ. ಕನ್ನಡಕ್ಕೆ ಮಾಡಿಸಿ, ಅರ್ಥ ಕೆಟ್ಟಿಲ್ಲ ಅಂತ ನೋಡೋದಕ್ಕೆ ತಿರುಗಿ ಇಂಗ್ಲಿಷಿಗೆ ಮಾಡಿಸಿ, ಜೆರಾಕ್ಸ್ ಹೊಡೆಸುವಷ್ಟರಲ್ಲಿ ಐದು ಸಾವಿರದ ಮೇಲೆ ಹೋಯಿತು. ಎಲ್ಲ ನನ್ನ ಕೈಯಿಂದಲೇ ಹಾಕಿದ ದುಡ್ಡು.

ಶಿರಸಿಯ ವಾರ್ಡಿನಲ್ಲಿ ಮೊದಲ ಇಪ್ಪತ್ತು ಜನರಲ್ಲೇ ಅದು ಕೈಕೊಟ್ಟಿತು. 'ಆರಾಮ' ಅಂದರೆ ನಮ್ಮ ಕಡೆ ಕಾಯಿಲೆ ವಾಸಿ ಅಂತ ಅಲ್ವಾ? "ಆರಾಮಿದ್ದಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ?" ಅಂತ ಒಬ್ಬರು ಕೇಳಿದರು. ಉಳಿದವರದ್ದು ತೊಂದರೆ ಏನಿಲ್ಲ ಅನ್ನೋ ಅರ್ಥದ ಒಂದೇ ಉತ್ತರ, "ಅಡ್ಡಿಲ್ಲೆ ತಂಗಿ." ಹೊಲಿಗೆ ಎಳೆದರೂ ಅಡ್ಡಿಲ್ಲೆ, ನಿದ್ದೆ ಬಾರದಿದ್ದರೂ ಅಡ್ಡಿಲ್ಲೆ. ಹಾಳೆಯಲ್ಲಿ ಎಲ್ಲರಿಗೂ ಒಳ್ಳೆ ಅಂಕ. ರಾತ್ರಿ ಡ್ಯೂಟಿಯಲ್ಲಿ ನೋಡಿದರೆ ಅದೇ ಜನ ಸೂರು ನೋಡುತ್ತಾ ಮಲಗಿರುತ್ತಿದ್ದರು.

ಆಗ ಹತ್ತು ಚಾಲಿ ಅಡಿಕೆ, ಅಂದರೆ ಒಣಗಿಸಿ ಸುಲಿದ ಇಡೀ ಅಡಿಕೆ, ಮುಂದಿಟ್ಟೆ. "ಮೈಗೆ ಎಷ್ಟು ತ್ರಾಸೋ ಅಷ್ಟು ಈಚೆ ಇಡಿ." ಎಣಿಸಿ ಬರೆದುಕೊಂಡು ಮತ್ತೆ ಕೂಡಿಸಿ, "ಈಗ ಮನಸ್ಸಿಂದು." ಮಾರ್ಗದರ್ಶಕರು ಇದು ಆಟ, ಅಳತೆಯಲ್ಲ ಅಂದರು. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಮತ್ತೆ ಅರ್ಜಿ ಹಾಕಿ ಎರಡು ತಿಂಗಳು ಕಾದೆ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ ಅಂತ ಸೋಂಕು ನಿಯಂತ್ರಣದ ಸಿಸ್ಟರ್ ಪಟ್ಟು ಹಿಡಿದರು. ಅವರು ಹೇಳಿದ್ದು ಸರಿ. ತಲೆಗೊಂದು ಪೊಟ್ಟಣ ಕಟ್ಟಿದೆ. ಅರವತ್ತು ಜನಕ್ಕೆ ಆರು ಕೆಜಿ, ಸುಮಾರು 2,500 ರೂಪಾಯಿ.

ಅರ್ಧ ಗಂಟೆ ಬಿಟ್ಟು ಬೇರೆ ಸಿಸ್ಟರ್ ಕೇಳಿದರೂ ಹೆಚ್ಚಿನವರದ್ದು ಒಂದಡಿಕೆ ಆಚೀಚೆ, ಅಷ್ಟೇ. ಅಂಕಿಅಂಶದವರೇ ಎರಡು ಸಲ ಲೆಕ್ಕ ಹಾಕಿ ಒಪ್ಪಿದರು. ನಮ್ಮ ಬ್ಯಾಚಿನಲ್ಲಿ ಬೇರೆ ಯಾರಿಗೂ ಇಷ್ಟು ಹೊಂದಿಬಂದಿರಲಿಲ್ಲ. ಕೇಳುವ ಹೊತ್ತು ಮಾತ್ರ ಮುಖ್ಯ: ರಾತ್ರಿ ಒಂಬತ್ತರ ಮೇಲೆ, ಜೊತೆಗಿದ್ದವರು ಹತ್ತಿರ ಇಲ್ಲದಾಗ. ಅವರನ್ನು ಬೇಸರವಾಗದಂತೆ ಹೇಗೆ ಹೊರಗೆ ಕಳಿಸಿದೆ ಅನ್ನೋದನ್ನು ಪೇಪರ್ ಅಚ್ಚಾದ ಮೇಲೆ ಹೇಳುತ್ತೇನೆ.

ಹರ್ನಿಯಾ ಆಪರೇಷನ್ ಆದ ಅಜ್ಜರೊಬ್ಬರು ಮೈಗೆ ಮೂರು ಇಟ್ಟರು, ಮನಸ್ಸಿಗೆ ಎಂಟು. ಅಂಗಳದಲ್ಲಿ ಅಡಿಕೆ ಹರಡಿದೆ, ಮೋಡ ಕವಿದಿದೆ. ಮನೆಗೆ ಫೋನು ಹಚ್ಚಿಕೊಟ್ಟೆ. ತಾಡಪಾಲು ಮುಚ್ಚಿದ್ದೇವೆ ಅಂತ ಸೊಸೆ ಹೇಳಿದ್ದೇ ತಡ, ಎಂಟು ಎರಡಾಯಿತು. ಆ ರಾತ್ರಿ ನಿದ್ದೆ ಬಂತು. ದಿಂಬು, ಕಂಬಳಿ, ಮಗ್ಗುಲು ಬದಲಿಸೋದು ಎಲ್ಲ ಮಾಡಿದ್ದೆ. ಅದರಿಂದ ಮೈಯ ರಾಶಿ ಇಳಿಯಿತೇ ಹೊರತು ಮನಸ್ಸಿನದ್ದು ಇಳಿದಿರಲಿಲ್ಲ. ಆಮೇಲೆ ಮಲಗುವ ಮುಂಚೆ ಮನೆಗೊಂದು ಫೋನು ಅಂತ ರೂಢಿ ಮಾಡಿದೆವು.

ನಡುವೆ ಯಕ್ಷಗಾನದ ಪದ ಕೇಳಿಸಿಯೂ ನೋಡಿದೆ. ಇಯರ್‌ಫೋನು ಕಿವಿಯಲ್ಲಿ ನಿಲ್ಲಲಿಲ್ಲ, ಜೋರಾಗಿ ಇಟ್ಟರೆ ಪಕ್ಕದ ಮಂಚದವರಿಗೆ ನಿದ್ದೆಯಿಲ್ಲ. ಮೂರೇ ದಿನಕ್ಕೆ ಬಿಟ್ಟೆ.

ಈಗ ಕಾರವಾರದಲ್ಲಿ ಗೆಳತಿಯೊಬ್ಬಳು ಇದನ್ನೇ ಮಾಡುತ್ತಿದ್ದಾಳೆ. ಅಲ್ಲಿ ಮೀನು ಮಾರುವ ಅಮ್ಮಂದಿರು ಅಡಿಕೆ ಮುಟ್ಟೋದೇ ಇಲ್ಲವಂತೆ. ನೇರ ಬಾಯಲ್ಲೇ ಹತ್ತಕ್ಕೆ ಏಳು, ಹತ್ತಕ್ಕೆ ಎಂಟು ಅಂತ ಹೇಳಿಬಿಡುತ್ತಾರಂತೆ.