ಎಂಜಿನ್ ಇಳಿಸುವ ಮೊದಲು ಬ್ರೀದರ್ ಪೈಪ್ ನೋಡಿದೆ

ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ದಿನಗಳು. ಅಡಿಕೆಗೆ ಔಷಧಿ ಹೊಡೆಸಬೇಕು, ಮೈಲುತುತ್ತ ಖಾಲಿ. ತೀರ್ಥಹಳ್ಳಿಗೆ ಹೊರಡುವ ಮೊದಲು ಆಯಿಲ್ ಎಷ್ಟಿದೆ ನೋಡೋಣ ಅಂತ ಕಾರಿನ ಬಾನೆಟ್ ಎತ್ತಿದೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದರೆ ಒಳಗಡೆ ಹಳದಿ ಕೆನೆ ಮೆತ್ತಿಕೊಂಡಿತ್ತು. ಬೆರಳಿಟ್ಟರೆ ಬೆಣ್ಣೆಯ ಹಾಗೆ ಬಂತು.

ಅದೇ ಮಳೆಗಾಲದಲ್ಲಿ ಇನ್ನೆರಡು ತೊಂದರೆ ಶುರುವಾಗಿದ್ದವು. ಗಾಡಿ ನಿಲ್ಲಿಸಿ ಎಂಜಿನ್ ಓಡುತ್ತಾ ಬಿಟ್ಟರೆ ಒಂದೇ ಸಮ ಓಡುತ್ತಿರಲಿಲ್ಲ, ಸ್ಟೀರಿಂಗ್ ಹಿಡಿದ ಕೈಗೂ ನಡುಕ ಗೊತ್ತಾಗುತ್ತಿತ್ತು. ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬಂದ ದಿನ ಕಾರಿನೊಳಗೆಲ್ಲ ಸುಟ್ಟ ಆಯಿಲ್ ವಾಸನೆ. ಮನೆಗೆ ಬಂದು ಏರ್ ಫಿಲ್ಟರ್ ಡಬ್ಬ ಬಿಚ್ಚಿದರೆ ಫಿಲ್ಟರಿನ ಒಂದು ಮೂಲೆ ಆಯಿಲ್‌ನಲ್ಲಿ ನೆನೆದಿತ್ತು.

ಗೊತ್ತಿರುವ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಎರಡು ನಿಮಿಷ ನೋಡಿದರು. "ರಿಂಗ್ ಹೋಗಿದೆ ಗೌಡ್ರೇ, ಬ್ಯಾಕ್ ಕಂಪ್ರೆಶನ್ ಬರ್ತಿದೆ. ಎಂಜಿನ್ ಇಳಿಸಿ ಬಿಡೋಣ" ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಪಿಕಪ್ ಕಡಿಮೆಯಾಗಿರಲಿಲ್ಲ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ದಿನಾ ಬರುತ್ತಿರಲಿಲ್ಲ. ಹದಿನಾಲ್ಕು ವರ್ಷದ ಗಾಡಿ ನಿಜ. ಆದರೆ ಎಂಜಿನ್ ಬಿಚ್ಚುವುದು ಅಂದರೆ ದುಡ್ಡಿನ ಮಾತು ಮಾತ್ರ ಅಲ್ಲ, ಒಮ್ಮೆ ಬಿಚ್ಚಿದ್ದು ಮತ್ತೆ ಮೊದಲಿನ ಹಾಗೆ ಕೂರುವುದು ಕಷ್ಟ.

ಬ್ಯಾಕ್ ಕಂಪ್ರೆಶನ್ ಎಲ್ಲ ಎಂಜಿನ್‌ನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಪಿಸ್ಟನ್ ಸುತ್ತ ಬಳೆಯ ಹಾಗೆ ಕೂತು ಗ್ಯಾಸ್ ತಡೆಯುವ ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪ ಸಂದಿನಲ್ಲಿ ನುಸುಳಿ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಅದರಲ್ಲಿ ಉರಿಯದ ಪೆಟ್ರೋಲ್ ಆವಿ ಇರುತ್ತದೆ, ನೀರಿನ ಆವಿಯೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಹೆಚ್ಚಿನದು ಆವಿಯಾಗಿ ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಸ್ವಲ್ಪ ಚೇಂಬರಿಗೆ ಇಳಿಯುತ್ತದೆ. ಹಿಂದಿನ ಕಾಲದ ಗಾಡಿಗಳಲ್ಲಿ ಇದನ್ನು ಹೊರಹಾಕಲು ಕೆಳಗೆ ರಸ್ತೆ ಕಡೆ ಒಂದು ಪೈಪ್ ಇಳಿಬಿಡುತ್ತಿದ್ದರು, ಅಷ್ಟೇ. ಹೊಗೆಯಿಂದ ಊರೇ ಕಟ್ಟಿದ ಹಾಗಾದಾಗ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲಿ ಹೊಸ ಕಾರುಗಳಿಗೆ ಆ ಗ್ಯಾಸನ್ನು ಮತ್ತೆ ಎಂಜಿನ್‌ಗೇ ಕೊಟ್ಟು ಸುಡುವ ಏರ್ಪಾಟು ಕಡ್ಡಾಯವಾಯಿತು. ಈಗಿನ ಕಾರುಗಳಲ್ಲಿ ಇರುವುದೂ ಅದೇ ಏರ್ಪಾಟು.

ನನ್ನ ಗಾಡಿಯಲ್ಲಿ ಇದಕ್ಕೆ ಎರಡು ಪೈಪ್, ಬ್ರೀದರ್ ಪೈಪ್ ಅನ್ನುವುದು ಇವಕ್ಕೇ. ಒಂದು ಏರ್ ಫಿಲ್ಟರ್ ಕಡೆಯಿಂದ ಟ್ಯಾಪೆಟ್ ಕವರಿಗೆ, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳಕ್ಕೆ, ಒಳ್ಳೆ ಗಾಳಿ ತರುತ್ತದೆ. ಇನ್ನೊಂದು ಟ್ಯಾಪೆಟ್ ಕವರಿನಿಂದ, ಈ ಗ್ಯಾಸ್ ಎಷ್ಟು ಹೋಗಬೇಕೆಂದು ನೋಡಿಕೊಳ್ಳುವ ಪಿಸಿವಿ ವಾಲ್ವ್ ದಾಟಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಮ್ಯಾನಿಫೋಲ್ಡಿನ ಎಳೆತಕ್ಕೆ ಕೆಟ್ಟ ಗಾಳಿ ಹೋಗುತ್ತದೆ, ಅದರ ಜಾಗಕ್ಕೆ ಒಳ್ಳೆ ಗಾಳಿ ಬರುತ್ತದೆ. ವಾಲ್ವಿನೊಳಗೆ ಸ್ಪ್ರಿಂಗ್ ಮೇಲೆ ಕೂತ ಒಂದು ಸಣ್ಣ ಬಿಲ್ಲೆ ಇದೆ. ಗಾಡಿ ನಿಂತು ಎಂಜಿನ್ ಸ್ಲೋ ಓಡುವಾಗ ಎಳೆತ ಜಾಸ್ತಿ, ಆಗ ಅದು ದಾರಿಯನ್ನು ಕಿರಿದು ಮಾಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ದಾರಿ ಬಿಡುತ್ತದೆ. ಈ ವಾಲ್ವ್ ಕಟ್ಟಿಕೊಂಡರೆ ಗ್ಯಾಸ್ ಎಲ್ಲಿಗೆ ಹೋಗಬೇಕು? ಒಳ್ಳೆ ಗಾಳಿ ಬರುವ ಪೈಪ್‌ನಲ್ಲೇ ಉಲ್ಟಾ ಹೊರಟು, ಆಯಿಲನ್ನೂ ಹೊತ್ತುಕೊಂಡು ಏರ್ ಫಿಲ್ಟರಿಗೆ ಬರುತ್ತದೆ. ಘಾಟಿ ಹತ್ತಿದ ದಿನದ ವಾಸನೆ ನೆನಪಾಯಿತು.

ನಮ್ಮ ಮಲೆನಾಡಿನಲ್ಲಿ ಇದು ಜಾಸ್ತಿ ಕಾಡುವುದಕ್ಕೆ ಕಾರಣ ಇದೆ. ನನ್ನ ಗಾಡಿ ದಿನಾ ಓಡುವುದು ಡೈರಿಗೆ, ಸೊಸೈಟಿಗೆ, ಮಕ್ಕಳ ಶಾಲೆಗೆ. ಮೂರು ನಾಲ್ಕು ಕಿಲೋಮೀಟರ್. ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಹೊರಗೆ ತಣ್ಣನೆ ಮಳೆ. ಒಳಗಿನ ನೀರಿನ ಆವಿ ಆರುವುದೇ ಇಲ್ಲ, ತಣ್ಣಗಿರುವ ಮುಚ್ಚಳಕ್ಕೆ, ಪೈಪ್‌ಗೆ ಹೋಗಿ ಹನಿಗಟ್ಟಿ ಆಯಿಲ್ ಜೊತೆ ಕಡೆದುಕೊಂಡು ಕೆನೆಯಾಗುತ್ತದೆ.

ಆದರೂ ಕೆನೆ ಕಂಡಾಗ ಮೊದಲು ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ಎಂಜಿನ್ ತಲೆಯ ಕೆಳಗಿನ ಆ ಪ್ಯಾಕಿಂಗ್ ಹೋದರೆ ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಆಯಿಲ್ ಜೊತೆ ಸೇರಬಹುದು. ಒಂದು ವಾರ ದಿನಾ ಬೆಳಿಗ್ಗೆ ಕೂಲಂಟ್ ಮಟ್ಟ ನೋಡಿದೆ. ಒಂದು ಕೂದಲೂ ಇಳಿಯಲಿಲ್ಲ. ಗೇಜ್ ಕಡ್ಡಿಯಲ್ಲಿ ಆಯಿಲ್ ಕಪ್ಪಗೇ ಇತ್ತು, ಹಾಲು ಬೆರೆಸಿದ ಹಾಗೆ ಆಗಿರಲಿಲ್ಲ. ಸಮಾಧಾನ ಆಯಿತು.

ಆಮೇಲೆ ಕಾಗದದ ಪರೀಕ್ಷೆ. ಎಂಜಿನ್ ಬಿಸಿ ಮಾಡಿ, ಸ್ಲೋದಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ನೋಟ್‌ಬುಕ್ಕಿನ ಹಾಳೆಯ ತುಂಡು ಇಟ್ಟೆ. ಎಲ್ಲ ಸರಿಯಿದ್ದರೆ ಕಾಗದವನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳಬೇಕು. ರಿಂಗ್ ಪೂರ್ತಿ ಹೋಗಿದ್ದರೆ ಪುಸುಪುಸು ಹೊಗೆಯ ಜೊತೆ ಕಾಗದ ಹಾರುತ್ತದೆ. ನನ್ನದು ಎಳೆದುಕೊಳ್ಳಲೂ ಇಲ್ಲ, ಹಾರಲೂ ಇಲ್ಲ. ಸುಮ್ನೆ ನಡುಗುತ್ತಾ ಕೂತಿತ್ತು. ಆಗಲೇ ಕಿವಿಗೆ ಸಣ್ಣ ಸೀಟಿಯ ಹಾಗೆ ಸದ್ದು ಬಿತ್ತು. ಸೋಪಿನ ನೀರನ್ನು ಪೈಪ್‌ಗಳ ಮೇಲೆ ಹನಿಸುತ್ತಾ ಬಂದೆ. ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪೈಪಿನ ಬಾಗಿದ ಜಾಗದಲ್ಲಿ, ಕಣ್ಣಿಗೆ ಕಾಣದ ಅಡಿಭಾಗದಲ್ಲಿ, ನೀರು ಸರ್‍ರನೆ ಒಳಗೆ ಹೋಯಿತು. ಎಂಜಿನ್ ಸದ್ದೂ ಒಂದು ಗಳಿಗೆ ಬದಲಾಯಿತು. ನಡುಕಕ್ಕೆ ಕಾರಣ ಸಿಕ್ಕಿತು. ಎಂಜಿನ್ ಲೆಕ್ಕಕ್ಕೆ ಸಿಗದ ಗಾಳಿ ಆ ಬಿರುಕಿನಲ್ಲಿ ನುಗ್ಗಿ ಪೆಟ್ರೋಲ್ ಗಾಳಿಯ ಹದ ಕೆಡಿಸುತ್ತಿತ್ತು.

ಬಿಚ್ಚುವ ಕೆಲಸ ಎಂಜಿನ್ ತಣ್ಣಗಾದ ಮೇಲೆ, ಕೊಟ್ಟಿಗೆ ಮಾಡಿನ ಕೆಳಗೆ. ಇಲ್ಲಿ ಅವಸರ ಮಾಡಬಾರದು. ಹಳೆಯ ಪೈಪ್ ತಾನು ಕೂರುವ ಮೂತಿಗೆ ಕಚ್ಚಿಕೊಂಡಿರುತ್ತದೆ. ಆ ಮೂತಿ ಪ್ಲಾಸ್ಟಿಕ್ಕಿನದು, ಬಿಸಿಗೆ ಬೆಂದು ಬೆಂದು ಹಪ್ಪಳದ ಹಾಗೆ ಆಗಿರುತ್ತದೆ. ಎಳೆದರೆ ಮೂತಿಯೇ ಮುರಿದು ತುಂಡು ಒಳಗೆ ಬೀಳಬಹುದು. ಕ್ಲಿಪ್ಪನ್ನು ಪ್ಲೇಯರ್‌ನಲ್ಲಿ ಒತ್ತಿ ಹಿಂದೆ ಸರಿಸಿದೆ. ಪೈಪಿನ ತುದಿಯನ್ನು ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿದೆ. ಪೂರ್ತಿ ಆಳಕ್ಕೆ ಕೊಯ್ಯಲಿಲ್ಲ, ಮೂತಿಗೆ ಗೀರು ಬಿದ್ದರೆ ಅಲ್ಲೇ ಗಾಳಿ ಸೋರುತ್ತದೆ. ಕೊನೆಯ ಪದರವನ್ನು ಉಗುರಿನಲ್ಲಿ ಬಿಡಿಸಿದಾಗ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಚ್ಚಿಕೊಂಡಿತು. ರಬ್ಬರ್ ಬಾಗಿದ ಜಾಗದಲ್ಲಿ ಅಂಟಂಟಾಗಿ ಮೆತ್ತಗಾಗಿತ್ತು. ಒಳಗೆ ಅದೇ ಹಳದಿ ಕೆನೆ, ಅದರ ಕೆಳಗೆ ಕಪ್ಪು ಗಸಿ.

ವಾಲ್ವ್ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಟಕಟಕ ಅನ್ನಬೇಕಿತ್ತು. ಸದ್ದೇ ಇಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ತೊಳೆದ ಮೇಲೆ ಸದ್ದು ಬಂತು, ಆದರೂ ಹೊಸದೇ ಹಾಕಿದೆ. ಅಷ್ಟೇನೂ ದುಬಾರಿ ಅಲ್ಲ. ಸೋತ ಸ್ಪ್ರಿಂಗನ್ನು ತೊಳೆದರೆ ಅದು ಹೊಸದಾಗುವುದಿಲ್ಲವಲ್ಲ.

ಪೈಪ್ ವಿಷಯದಲ್ಲಿ ಮಾತ್ರ ಒಂದು ತಪ್ಪು ಮಾಡಿದೆ. ಊರಿನಲ್ಲಿ ಸಿಕ್ಕ ರೇಡಿಯೇಟರ್ ನೀರಿನ ಪೈಪನ್ನು ಅಳತೆಗೆ ಕತ್ತರಿಸಿ ಹಾಕಿದೆ. ಅಳತೆ ಸರಿಯಾಗಿ ಕೂತಿತ್ತು. ಮೂರೇ ವಾರಕ್ಕೆ ಊದಿಕೊಂಡು ಮೂತಿಯ ಮೇಲೆ ಸಡಿಲವಾಯಿತು. ನೀರಿನ ಪೈಪಿಗೆ ಬಳಸುವ ಇಪಿಡಿಎಂ ರಬ್ಬರ್ ಬಿಸಿನೀರನ್ನು ತಡೆಯುತ್ತದೆ, ಆಯಿಲ್ ತಡೆಯುವುದಿಲ್ಲ. ಇಲ್ಲಿಗೆ ಬೇಕಾದದ್ದು ನೈಟ್ರೈಲ್‌ನಂಥ ಆಯಿಲ್ ತಡೆಯುವ ರಬ್ಬರ್. ಜೊತೆಗೆ ಬಾಗು ಇರುವ ಕಡೆ ನೇರ ಪೈಪನ್ನು ಬಗ್ಗಿಸಿದರೆ ಮಡಚಿಕೊಂಡು ದಾರಿ ಕಟ್ಟುತ್ತದೆ, ಅಚ್ಚಿನಲ್ಲಿ ಬಾಗಿಸಿದ್ದೇ ಬೇಕು. ಕೊನೆಗೆ ಹಳೆಯ ತುಂಡುಗಳನ್ನು ಕವರಿಗೆ ಹಾಕಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋದೆ. ಎರಡೂ ಪೈಪ್, ಕ್ಲಿಪ್, ಟ್ಯಾಪೆಟ್ ಕವರ್ ಪ್ಯಾಕಿಂಗ್ ತಂದೆ. ಅಲ್ಲೇ ಒಬ್ಬರ ಹತ್ತಿರ ಕಂಪ್ರೆಶನ್ ಗೇಜ್ ಹಾಕಿಸಿದೆ. ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಸಮ ಬಂದವು, ರಿಂಗ್ ಅನುಮಾನ ದೂರವಾಯಿತು.

ಪ್ಯಾಕಿಂಗ್ ಯಾಕೆಂದರೆ, ಗ್ಯಾಸ್ ಹೋಗಲು ದಾರಿ ಇಲ್ಲದೆ ಒಳಗೆ ಒತ್ತಡ ಕಟ್ಟಿ ಟ್ಯಾಪೆಟ್ ಕವರ್ ಅಂಚಿನಲ್ಲಿ ಆಯಿಲ್ ಜಿನುಗಲು ಶುರುವಾಗಿತ್ತು. ಕವರ್ ಬಿಚ್ಚಿದ್ದೇ ಒಳ್ಳೆಯದಾಯಿತು. ಅದರೊಳಗೆ ಆಯಿಲ್ ಹನಿ ತಡೆಯುವ ತಗಡಿನ ಹಿಂದೆ ಅಂಗೈ ತುಂಬ ಗಸಿ ಇತ್ತು. ಅದನ್ನು ಬಿಟ್ಟು ಬರೀ ಪೈಪ್ ಬದಲಾಯಿಸಿದ್ದರೆ ಒಂದೇ ವರ್ಷಕ್ಕೆ ಮತ್ತೆ ಕಟ್ಟುತ್ತಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ ಹಾಕಿ, ಪೂರ್ತಿ ಒಣಗಿಸಿ ಕೂರಿಸಿದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಮೂರನ್ನೂ ಬದಲಾಯಿಸಿದೆ.

ಸ್ಟಾರ್ಟ್ ಮಾಡಿ ಮತ್ತೆ ಕಾಗದ ಇಟ್ಟೆ. ಮೆಲ್ಲಗೆ ಬಾಯಿಗೆ ಅಂಟಿಕೊಂಡಿತು. ಆ ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈಗ ವಾರಕ್ಕೊಮ್ಮೆಯಾದರೂ ಮಂಡಗದ್ದೆವರೆಗೆ ಒಂದು ಸುತ್ತು ಹೋಗಿ ಬರುತ್ತೇನೆ. ಆಯಿಲ್ ಬಿಸಿಯಾಗಿ ಒಳಗಿನ ನೀರು ಆರಲಿ ಅಂತ. ಜೋರು ಮಳೆಯ ವಾರದಲ್ಲಿ ಮುಚ್ಚಳದಲ್ಲಿ ತೆಳ್ಳಗೆ ಕೆನೆಯ ಗೆರೆ ಈಗಲೂ ಕಾಣುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಪಕ್ಕದ ಮನೆಯವರು ಮೊನ್ನೆ ಅವರ ಪೆಟ್ರೋಲ್ ವ್ಯಾನ್ ತಂದು, "ನಿಮ್ಮ ಹಾಗೆ ನಂದಕ್ಕೂ ಪೈಪ್ ಹಾಕಿ ಕೊಡಿ ಮಾರಾಯ್ರೆ" ಅಂದರು. ಕಾಗದ ಇಟ್ಟೆ. ಇಟ್ಟ ಕೂಡಲೇ ಹಾರಿ ಬ್ಯಾಟರಿ ಮೇಲೆ ಬಿತ್ತು, ಹಿಂದೆಯೇ ಹೊಗೆ ಪುಸುಪುಸು ಬಂತು. ಪೈಪ್ ಬಿಚ್ಚಿ ನೋಡಿದರೆ ಚೆನ್ನಾಗೇ ಇತ್ತು, ವಾಲ್ವ್ ಟಕಟಕ ಅಂತಿತ್ತು. "ಇದಕ್ಕೆ ಪೈಪ್ ಹಾಕಿ ಪ್ರಯೋಜನ ಇಲ್ಲ, ಮೊದಲು ಕಂಪ್ರೆಶನ್ ನೋಡಿಸಿ" ಅಂದೆ. ಅವರದು ಎಂಜಿನ್ ಇಳಿಸಲೇಬೇಕಾಯಿತು.