ಬಾಂಗಡೆಗೆ ಗೇಣು, ತಾರ್ಲಿಗೆ ಚೋಟು

ಬೆಳಗಾವಿಗೆ ಕಡಲಿಲ್ಲ, ಕಡಲ ಮೀನಿಗೆ ಬರವೂ ಇಲ್ಲ. ಗೋವಾ, ಮಾಲವಣದ ಕಡೆಯಿಂದ ಘಾಟ್ ಹತ್ತಿ ಬರುವ ಐಸ್ ಗಾಡಿಗಳು ಬೆಳಗಿನ ಹೊತ್ತಿಗೆ ಇಲ್ಲಿರುತ್ತವೆ. ಆ ಮೀನನ್ನು ನಿಯಮದಂತೆ ಹಿಡಿದಿದ್ದಾರೋ ಇಲ್ಲವೋ ಎಂಬುದನ್ನು ಮಾರುಕಟ್ಟೆಯಲ್ಲಿ ನಿಂತೇ ಒಂದಿಷ್ಟು ಪತ್ತೆ ಮಾಡಬಹುದು.

ಮೊದಲು ತಿಂಗಳು ನೋಡಿ. ಕರ್ನಾಟಕ, ಗೋವಾ, ಮಹಾರಾಷ್ಟ್ರದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ನಿಯಮಗಳಲ್ಲಿ ಚೆನ್ನಾಗಿ ಜಾರಿಯಾಗುವುದು ಇದೊಂದೇ ಎನ್ನಬಹುದು. ಬೋಟು ದಡದಲ್ಲಿದೆಯೋ ಇಲ್ಲವೋ ಊರಿಗೆಲ್ಲ ಕಾಣುತ್ತದೆ. ಈ ಎರಡು ತಿಂಗಳಲ್ಲಿ ಸಿಗುವ ಮೀನೆಲ್ಲ ಕಳ್ಳಮಾಲಲ್ಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದೆ, ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ, ಶೈತ್ಯಾಗಾರದ ದಾಸ್ತಾನೂ ಹೊರಬರುತ್ತದೆ. ಎಲ್ಲಿಯದು ಎಂದು ಕೇಳಿ. ಜುಲೈನಲ್ಲಿ ‘ನಿನ್ನೆ ಗೋವಾ ಟ್ರಾಲರ್‌ಗೆ ಸಿಕ್ಕಿದ್ದು’ ಎಂದರೆ ಬುಟ್ಟಿ ಬಿಟ್ಟು ಮುಂದೆ ನಡೆಯಿರಿ.

ಮುಂದಿನದು ಅಳತೆ. ಮೀನನ್ನು ಹಲಗೆಯ ಮೇಲೆ ನೇರವಾಗಿ ಮಲಗಿಸಿ, ಬಾಯಿ ಮುಚ್ಚಿ, ಮೂತಿಯ ತುದಿಯಿಂದ ಬಾಲದ ಕೊನೆಯವರೆಗೆ ಅಳೆಯಬೇಕು. ಬಾಲ ಬಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಕೇರಳದ ಅಧಿಸೂಚನೆಯ ಪ್ರಕಾರ ಹಿಡಿಯಬಹುದಾದ ಕನಿಷ್ಠ ಉದ್ದ ತಾರ್ಲಿಗೆ (ಭೂತಾಯಿ) 10 ಸೆಂ.ಮೀ., ಬಾಂಗಡೆಗೆ 14, ಬೆಲ್ಟಿನಂಥ ಪಾಂಬೋಳಿಗೆ 46. ಮಹಾರಾಷ್ಟ್ರವೂ 2023ರಲ್ಲಿ 54 ಜಾತಿಗಳಿಗೆ ಇಂಥ ಮಿತಿ ಹಾಕಿತು.

ಆದರೆ ಕಾನೂನಿನ ಅಳತೆಯೇ ಸಾಕೆಂದು ತಿಳಿಯಬೇಡಿ. ಬಾಂಗಡೆ ಮೊದಲ ಬಾರಿ ತತ್ತಿ ಇಡುವುದು ಸುಮಾರು 18-19 ಸೆಂ.ಮೀ. ಆದ ಮೇಲೆ, ತಾರ್ಲಿ 15ರ ಆಸುಪಾಸಿನಲ್ಲಿ. ಅಂದರೆ 14 ಸೆಂ.ಮೀ. ಬಾಂಗಡೆ ಕಾನೂನಿಗೆ ಸರಿ, ಆದರೆ ಇನ್ನೂ ಮರಿಯೇ. ಅದಕ್ಕೇ ಕಾನೂನಿನ ಪಟ್ಟಿಗಿಂತ ಕೈ ಅಳತೆ ವಾಸಿ: ಬಾಂಗಡೆಗೆ ಒಂದು ಗೇಣು, ತಾರ್ಲಿಗೆ ಒಂದು ಚೋಟು, ಪಾಂಬೋಳಿಗೆ ಒಂದು ಮೊಳ. ತೂಕದ ಲೆಕ್ಕವೂ ಇದೆ. ಗೇಣುದ್ದದ ಬಾಂಗಡೆ ಕಿಲೋಗೆ ಹತ್ತು ಹನ್ನೆರಡು ಬರುತ್ತವೆ; ಮೂವತ್ತು ಬಂದರೆ ಅವು ಮರಿಗಳು.

ಇಲ್ಲೊಂದು ಎಡವಟ್ಟು. ಸಣ್ಣದೆಲ್ಲ ಮರಿಯಲ್ಲ. ಮಾಂದೇಲಿ ಹುಟ್ಟಾ ಸಣ್ಣ ಜಾತಿ, ಅದಕ್ಕೆ ಗೇಣಿನ ಲೆಕ್ಕ ಹಚ್ಚಬೇಡಿ. ತಲೆ ಬಾಲ ಕತ್ತರಿಸಿಟ್ಟ ಮೀನಿಗಂತೂ ಯಾವ ಅಳತೆಯೂ ನಡೆಯದು.

ಮರಿ ಬರುವುದು ಎಲ್ಲಿಂದ? ಬೋಟಿನ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ಕೊನೆಯ ಚೀಲದಿಂದ. ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರ. ಬೋಟು ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಮರಿಗೆ ಹೊರಬೀಳಲು ದಾರಿಯಿಲ್ಲ. 35 ಮಿ.ಮೀ. ಚೌಕ ಕಣ್ಣಾದರೆ ಎಳೆತದಲ್ಲೂ ತೆರೆದೇ ಇರುತ್ತದೆ. ಒಳಗೆ ಸಣ್ಣ ಕಣ್ಣಿನ ಇನ್ನೊಂದು ಚೀಲ ಹೊಲಿದರೆ ಅದೂ ವ್ಯರ್ಥ. ಹಾಗೆ ಹೊಲಿದದ್ದನ್ನು ನಡುಗಡಲಲ್ಲಿ ನೋಡುವವರು ಯಾರು? 2012ರಲ್ಲಿ ಕೇರಳಕ್ಕೆ 4 ಲಕ್ಷ ಟನ್ ಹತ್ತಿರ ಸಿಕ್ಕಿದ್ದ ತಾರ್ಲಿ 2021ರಲ್ಲಿ 3,297 ಟನ್‌ಗೆ ಇಳಿಯಿತು. ಕಡಲ ಬಿಸಿಯ ಏರುಪೇರು ಒಂದು ಕಾರಣ, ಮರಿಗಳನ್ನು ಬಾಚಿದ್ದು ಇನ್ನೊಂದು.

ರಾತ್ರಿ ಲೈಟ್ ಹಾಕಿ ಮೀನು ಸೆಳೆದು ಹಿಡಿದದ್ದೋ, ಎರಡು ಬೋಟು ಜೋಡಿಸಿ ಒಂದೇ ಬಲೆ ಎಳೆದದ್ದೋ ಮೀನಿನ ಮುಖ ನೋಡಿ ಹೇಳಲಾಗದು. 2017ರಲ್ಲಿ ಕೇಂದ್ರ ಎರಡನ್ನೂ ನಿಷೇಧಿಸಿದೆ, ಆದರೆ ಅದನ್ನು ತಡೆಯಬೇಕಾದದ್ದು ಕಡಲಲ್ಲಿ. ಗಿರಾಕಿಯ ಕೈಗೆ ಸಿಗುವುದು ಉದ್ದ ಮತ್ತು ತಿಂಗಳು, ಎರಡೇ.

ವಾದ ಮಾಡಿ ಫಲವಿಲ್ಲ. ಮಾರುವವರು ಗಿರಾಕಿ ಒಯ್ಯುವುದನ್ನೇ ತರಿಸುತ್ತಾರೆ. ‘ಮಾವಶಿ, ಸಣ್ಣು ಬ್ಯಾಡ್ರಿ, ಗೇಣುದ್ದದ್ದು ಬಂದಾಗ ಫೋನ್ ಹಚ್ರಿ’ ಎಂದು ನಂಬರ್ ಕೊಟ್ಟು ಬನ್ನಿ.